ವಿಮಾನ ಮೈಲುಗಳಿಂದ ಬಾಲಿ, ಲಂಕಾವಿ, ಫುಕೆಟ್ ಪ್ರವಾಸ: ಜೈನ ಕುಟುಂಬಗಳಿಗೆ ಮಾಹಿತಿ



ಶಿಖರ್ಜಿ, ಗಿರ್ನಾರ್ ಯಾತ್ರೆಗೆ ಹೋಗುವವರ ಟಿಕೆಟ್ ಕೆಲಸ ನೋಡಿಕೊಳ್ಳುವುದು ನಮ್ಮ ಬಸದಿಯಲ್ಲಿ ಬಹಳ ವರ್ಷಗಳಿಂದ ನನ್ನ ಪಾಲಿನ ಸೇವೆ. ಈಚಿನ ಎರಡು ಮೂರು ವರ್ಷಗಳಿಂದ ಬೇರೆ ಪ್ರಶ್ನೆಗಳೂ ಬರುತ್ತಿವೆ. "ಅಂಕಲ್, ಕಾರ್ಡಿನಲ್ಲಿ ಪಾಯಿಂಟ್ ಇವೆ, ಬಾಲಿಗೆ ಹೋಗಬಹುದಾ?" "ಮೈಲು ಎಂದರೆ ಪುಕ್ಕಟೆ ಟಿಕೆಟ್ ಅಲ್ಲವೇ?" ಪ್ರತಿಯೊಬ್ಬರಿಗೂ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನನ್ನದು ಹುಬ್ಬಳ್ಳಿಯಲ್ಲಿ ವಿದ್ಯುತ್ ಸಾಮಾನಿನ ಸಗಟು ವ್ಯಾಪಾರ. ಮಾಲು ನೋಡಲು ಹಲವು ಸಲ ಚೀನಾದ ಗುವಾಂಗ್‌ಜೌಗೆ ಹೋಗಿದ್ದೆ. ನಾನು ಹೋದಾಗೆಲ್ಲ ಅಂಗಡಿ, ಮನೆ, ನನ್ನ ತಾಯಿಯ ಆರೈಕೆ ಎಲ್ಲವೂ ಹೆಂಡತಿಯ ಮೇಲೆ. ಪ್ರತಿ ಸಲ ಬಂದಾಗ "ಮೈಲು ಕೂಡುತ್ತಿವೆ, ಒಮ್ಮೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ" ಎನ್ನುತ್ತಿದ್ದೆ. ಕೊರೊನಾ ಮುಗಿದ ಮೇಲೆ ಖಾತೆ ತೆರೆದು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಅವಧಿ ಮುಗಿದು ಹೋಗಿದ್ದವು. ಕಂಪನಿ ಇಮೇಲ್ ಕಳಿಸಿತ್ತು, ನಾನು ಓದಿರಲಿಲ್ಲ. "ಅಲ್ರೀ, ಕೂಡ್ಯಾವು ಕೂಡ್ಯಾವು ಅಂತಿದ್ರಲ್ಲ, ಎಲ್ಲಿ ಹೋದ್ವು?" ಎಂದು ಕೇಳಿದಳು. ಉತ್ತರ ಇರಲಿಲ್ಲ. ಮತ್ತೆ ಮೊದಲಿನಿಂದ ಕೂಡಿಸಿ ಕೊನೆಗೆ 2024ರ ಮೇ ತಿಂಗಳಲ್ಲಿ ಇಬ್ಬರೂ ಬಾಲಿಗೆ ಹೋಗಿಬಂದೆವು. ಅಷ್ಟರಲ್ಲಿ ಅವಳಿಗೆ ಮೊಣಕಾಲು ನೋವು ಶುರುವಾಗಿತ್ತು. ಐದು ವರ್ಷ ಮೊದಲೇ ಹೋಗಬೇಕಿತ್ತು.

ಮೈಲು ಎಂದರೇನು, ಬೆಲೆ ಎಷ್ಟು

ಮೈಲು ಎಂದರೆ ವಿಮಾನ ಕಂಪನಿ ನಮ್ಮ ಹೆಸರಿನಲ್ಲಿ ಬರೆದಿಟ್ಟುಕೊಳ್ಳುವ ಜಮಾ. ವಿಮಾನದಲ್ಲಿ ಹೋದರೆ ಬರುತ್ತದೆ, ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಪಾಯಿಂಟನ್ನು ಬದಲಾಯಿಸಿದರೂ ಬರುತ್ತದೆ. ನಮ್ಮ ಭಾಗದವರಿಗೆ ಉಪಯೋಗಕ್ಕೆ ಬರುವವು ಮುಖ್ಯವಾಗಿ ಏರ್ ಇಂಡಿಯಾದ ಮಹಾರಾಜ ಕ್ಲಬ್, ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮತ್ತು ಇಂಡಿಗೋದ ಬ್ಲೂಚಿಪ್. ವಿಸ್ತಾರಾ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಪಾಯಿಂಟುಗಳೂ ಅಲ್ಲಿಗೇ ಹೋದವು. ಹಳೆಯ ವಿಸ್ತಾರಾ ಖಾತೆ ಇದ್ದವರು ಒಮ್ಮೆ ತೆರೆದು ನೋಡಿ. ಏರ್ ಇಂಡಿಯಾ, ಸಿಂಗಪುರ, ಥಾಯ್ ಈ ಮೂರೂ ಸ್ಟಾರ್ ಅಲಯನ್ಸ್ ಎಂಬ ಒಂದೇ ಒಕ್ಕೂಟದಲ್ಲಿವೆ. ಆದ್ದರಿಂದ ಒಂದು ಕಂಪನಿಯ ಮೈಲಿನಿಂದ ಇನ್ನೊಂದರ ಸೀಟು ಪಡೆಯಲು ಅವಕಾಶ ಇದೆ.

ಪುಕ್ಕಟೆ ಎಂಬುದು ಪೂರ್ತಿ ನಿಜವಲ್ಲ. ಮೈಲಿನ ಟಿಕೆಟಿಗೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ಹಣದಲ್ಲೇ ಕಟ್ಟಬೇಕು. ವ್ಯಾಪಾರಿಯ ಲೆಕ್ಕ ಹೀಗೆ: ಹೋಗಿಬರುವ ಟಿಕೆಟಿಗೆ ನಗದು ದರ 30,000 ರೂಪಾಯಿ ಇದೆ ಎಂದುಕೊಳ್ಳಿ. ಅದೇ ಸೀಟಿಗೆ 40,000 ಮೈಲು ಮತ್ತು 9,000 ರೂಪಾಯಿ ಕೇಳುತ್ತಾರೆ. ಉಳಿದದ್ದು 21,000 ರೂಪಾಯಿ, ಅಂದರೆ ಒಂದು ಮೈಲಿಗೆ ಸುಮಾರು 52 ಪೈಸೆ. ಅದೇ ಪಾಯಿಂಟಿಗೆ ಬ್ಯಾಂಕು ಬೇರೆ ರೀತಿಯಲ್ಲಿ ಹೆಚ್ಚು ಕೊಡುತ್ತಿದ್ದರೆ ಮೈಲಿಗೆ ಬದಲಾಯಿಸುವುದು ನಷ್ಟ. ಈ ಲೆಕ್ಕವನ್ನು ಪ್ರತಿ ಪ್ರವಾಸಕ್ಕೂ ಬೇರೆಯಾಗಿ ಹಾಕಬೇಕು.

ಇನ್ನೊಂದು ಮಾತು. ಬ್ಯಾಂಕಿನಿಂದ ವಿಮಾನ ಕಂಪನಿಗೆ ಪಾಯಿಂಟ್ ಕಳಿಸಿದರೆ ವಾಪಸ್ ತರಲಾಗುವುದಿಲ್ಲ. ಸೀಟು ಖಾಲಿ ಇದೆಯೇ ಎಂದು ನೋಡಿದ ಮೇಲೆಯೇ ಕಳಿಸಿ. ಮತ್ತು ಪಾಯಿಂಟ್ ಆಸೆಗೆ ಕಾರ್ಡಿನಲ್ಲಿ ಮಾಲು ತಂದು ಬಾಕಿ ಉಳಿಸಿಕೊಳ್ಳಬೇಡಿ. ಕಾರ್ಡಿನ ಬಡ್ಡಿ ತಿಂಗಳಿಗೇ ಮೂರೂವರೆ ಪ್ರತಿಶತದ ಹತ್ತಿರ ಇರುತ್ತದೆ, ವರ್ಷಕ್ಕೆ 40 ದಾಟುತ್ತದೆ. ಯಾವ ಮೈಲೂ ಅದನ್ನು ತುಂಬಿಕೊಡುವುದಿಲ್ಲ. ಇಂಧನ, ಬಾಡಿಗೆ, ತೆರಿಗೆ ಪಾವತಿಗೆ ಅನೇಕ ಕಾರ್ಡುಗಳು ಪಾಯಿಂಟೇ ಕೊಡುವುದಿಲ್ಲ ಎಂಬುದೂ ಗೊತ್ತಿರಲಿ.

ಅವಧಿ ಮತ್ತು ಹೆಸರು

ಕ್ರಿಸ್‌ಫ್ಲೈಯರ್ ಮೈಲು ಬಂದ ದಿನದಿಂದ ಮೂರು ವರ್ಷ ಇರುತ್ತದೆ. ಮಧ್ಯೆ ಒಂದು ಪ್ರಯಾಣ ಮಾಡಿದರೂ ಹಳೆಯ ಮೈಲಿನ ಅವಧಿ ಮುಂದೆ ಹೋಗುವುದಿಲ್ಲ. ಬೇರೆ ಕಂಪನಿಗಳ ನಿಯಮ ಬೇರೆ, ಬದಲಾಗುತ್ತಲೂ ಇರುತ್ತವೆ. ಪಾಯಿಂಟ್ ಬ್ಯಾಂಕಿನಲ್ಲೇ ಇದ್ದರೂ ಅಲ್ಲಿಯೂ ಒಂದು ಅವಧಿ ಇರಬಹುದು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ತೊಂದರೆ ಹೆಚ್ಚು. ಅಂಗಡಿಯ ಬೋರ್ಡಿನಲ್ಲಿ ಒಂದು, ಆಧಾರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು. ಕೆಲವರಿಗೆ ತಂದೆಯ ಹೆಸರು ಮಧ್ಯದಲ್ಲಿ, ಕೆಲವರಿಗೆ ಬರೀ ಇನಿಷಿಯಲ್, ಕೆಲವರಿಗೆ ಕೊನೆಯಲ್ಲಿ ಜೈನ್, ಕೆಲವರಿಗೆ ಊರಿನ ಅಡ್ಡಹೆಸರು. ಮೈಲು ಖಾತೆ ತೆರೆಯುವಾಗ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯಿರಿ. ಟಿಕೆಟಿನ ಹೆಸರು ಖಾತೆಯ ಹೆಸರಿಗೆ ಹೊಂದದಿದ್ದರೆ ಮೈಲು ಜಮಾ ಆಗುವುದಿಲ್ಲ. ಜಮಾ ಆಗುವವರೆಗೆ ಬೋರ್ಡಿಂಗ್ ಪಾಸ್ ಬಿಸಾಡಬೇಡಿ, ಕೆಲವು ತಿಂಗಳ ಒಳಗೆ ಕೇಳಿ ಪಡೆಯಬಹುದು.

ನಿಮ್ಮ ಮೈಲಿನಿಂದ ಮನೆಯವರಿಗೆ ಟಿಕೆಟ್ ತೆಗೆಯಬಹುದು. ಕ್ರಿಸ್‌ಫ್ಲೈಯರ್‌ನಲ್ಲಿ ಐದು ಮಂದಿಯ ಹೆಸರನ್ನು ಖಾತೆಗೆ ಸೇರಿಸಲು ಅವಕಾಶ ಇದೆ. ಕೂಡು ಕುಟುಂಬದವರು ಯಾರ ಹೆಸರು ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಆಮೇಲೆ ಹೆಸರು ಬದಲಾಯಿಸಲು ಶುಲ್ಕ ಇದೆ, ಮನಸ್ತಾಪ ಬೇರೆ.

ಯಾವ ದ್ವೀಪ, ಯಾವ ತಿಂಗಳು

ಇದು ನಮಗೆ ಎಲ್ಲಕ್ಕಿಂತ ಮುಖ್ಯ. ಆಷಾಢದಿಂದ ಕಾರ್ತಿಕದವರೆಗೆ ಚಾತುರ್ಮಾಸ, ನಡುವೆ ಪರ್ಯುಷಣ, ದಶಲಕ್ಷಣ ಪರ್ವ. ಆ ಕಾಲದಲ್ಲಿ ನಮ್ಮಲ್ಲಿ ಅನೇಕರು ದೂರ ಪ್ರಯಾಣ ಇಟ್ಟುಕೊಳ್ಳುವುದಿಲ್ಲ. ಬಾಲಿಯಲ್ಲಿ ಮಳೆ ಇಲ್ಲದ ಕಾಲ ಏಪ್ರಿಲ್‌ನಿಂದ ಅಕ್ಟೋಬರ್. ಅಂದರೆ ಅರ್ಧಕ್ಕಿಂತ ಹೆಚ್ಚು ಚಾತುರ್ಮಾಸದಲ್ಲೇ ಹೋಯಿತು. ಉಳಿಯುವುದು ಏಪ್ರಿಲ್ ಮಧ್ಯದಿಂದ ಜೂನ್. ಮಕ್ಕಳ ರಜೆಗೂ ಹೊಂದುತ್ತದೆ. ಆದರೆ ಜೂನ್‌ನಲ್ಲಿ ಸಿಂಗಪುರದ ಶಾಲೆಗಳಿಗೂ ರಜೆ, ಆ ತಿಂಗಳು ಸಿಂಗಪುರದಿಂದ ಬಾಲಿಗೆ ಮೈಲಿನ ಸೀಟು ಸಿಗುವುದು ಕಷ್ಟ. ಮೇ ತಿಂಗಳೇ ಸರಿ ಎಂದು ನನ್ನ ಅನುಭವ.

ಯುಗಾದಿ ರಜೆಗೆ ಬಾಲಿ ಎಂದುಕೊಳ್ಳುವವರು ಎಚ್ಚರ. ಬಾಲಿಯವರ ಶಕ ವರ್ಷದ ಹೊಸ ದಿನ ನ್ಯೆಪಿ ಅನೇಕ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2026ರಲ್ಲಿ ಎರಡೂ ಮಾರ್ಚ್ 19ಕ್ಕೇ. ಅಂದು ದ್ವೀಪವೆಲ್ಲ ಮೌನ. ದೀಪ ಹಚ್ಚುವುದಿಲ್ಲ, ರಸ್ತೆಗೆ ಯಾರೂ ಬರುವಂತಿಲ್ಲ, ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚಿರುತ್ತದೆ. ಪ್ರವಾಸಿಗಳೂ ಹೋಟೆಲಿನ ಒಳಗೇ ಇರಬೇಕು. ಸಾಮಾಯಿಕಕ್ಕೆ ಇದಕ್ಕಿಂತ ಒಳ್ಳೆಯ ದಿನ ಇಲ್ಲ ಎಂದು ನನ್ನ ಹೆಂಡತಿ ಹೇಳಿದಳು, ಅದೂ ಸರಿಯೇ.

ಕಾರ್ತಿಕ ಹುಣ್ಣಿಮೆಯ ಅಷ್ಟಾಹ್ನಿಕ ಮುಗಿದ ಮೇಲೆ ಹೊರಡುವವರಿಗೆ ಫುಕೆಟ್ ಮತ್ತು ಮಲೇಷ್ಯಾದ ಲಂಕಾವಿ. ಅಂಡಮಾನ್ ಸಮುದ್ರದ ಕಡೆಯ ಈ ದ್ವೀಪಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಹವೆ. ಥಾಯ್ಲೆಂಡಿನ ಇನ್ನೊಂದು ಬದಿಯ ಕೋ ಸಮುಯಿಯಲ್ಲಿ ಮಾತ್ರ ಅಕ್ಟೋಬರ್‌ನಿಂದ ಡಿಸೆಂಬರ್ ಜೋರು ಮಳೆ.

ಮೈಲಿನ ಸೀಟು ಸುಮಾರು ಒಂದು ವರ್ಷ ಮೊದಲೇ ತೆರೆಯುತ್ತದೆ. ಪಂಚಾಂಗ ನೋಡಿ ದಿನ ಗೊತ್ತು ಮಾಡಿ, ಆಗಲೇ ತೆಗೆದುಕೊಂಡವರಿಗೆ ಲಾಭ. ನಾಲ್ಕೈದು ಜನಕ್ಕೆ ಒಂದೇ ವಿಮಾನದಲ್ಲಿ ಮೈಲಿನ ಸೀಟು ಸಿಗುವುದು ಅಪರೂಪ. ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ ಇಂಡಿಗೋ 2024ರಲ್ಲಿ ನೇರ ವಿಮಾನ ಶುರು ಮಾಡಿದೆ. ದೊಡ್ಡ ಕುಟುಂಬ ಆದರೆ ಅಂಥ ನೇರ ವಿಮಾನಕ್ಕೆ ದುಡ್ಡು ಕೊಟ್ಟು ಹೋಗುವುದೇ ಎಷ್ಟೋ ಸಲ ಅಗ್ಗ, ಸುಲಭ. ಮೈಲನ್ನು ವಯಸ್ಸಾದ ಇಬ್ಬರಿಗೆ ಮೇಲಿನ ದರ್ಜೆಯಲ್ಲಿ ಕಾಲು ಚಾಚಿ ಹೋಗಲು ಇಟ್ಟುಕೊಳ್ಳಿ.

ಒಂದೇ ಟಿಕೆಟ್ ಇರಲಿ

ನನ್ನ ಸಂಬಂಧಿಕರ ಮಗ ಮೈಲಿನಿಂದ ಸಿಂಗಪುರದವರೆಗೆ, ಅಲ್ಲಿಂದ ಬಾಲಿಗೆ ಬೇರೆ ಕಂಪನಿಯ ಅಗ್ಗದ ಟಿಕೆಟ್, ಹೀಗೆ ಎರಡು ತೆಗೆದಿದ್ದ. ಬೆಂಗಳೂರಿನ ಕೌಂಟರಿನಲ್ಲಿ ಸಿಂಗಪುರದ ವೀಸಾ ಕೇಳಿದರು. ಒಂದೇ ಟಿಕೆಟ್ ಇದ್ದರೆ ಸಾಮಾನು ನೇರ ಬಾಲಿಗೆ ಹೋಗುತ್ತದೆ, ನಾವು ನಿಲ್ದಾಣದ ಒಳಗೇ ವಿಮಾನ ಬದಲಾಯಿಸುತ್ತೇವೆ, ವೀಸಾ ಬೇಡ. ಬೇರೆ ಬೇರೆ ಟಿಕೆಟ್ ಆದರೆ ಹೊರಗೆ ಬಂದು ಸಾಮಾನು ತೆಗೆದುಕೊಂಡು ಮತ್ತೆ ಕೊಡಬೇಕಾಗುತ್ತದೆ. ಹೊರಗೆ ಬರಲು ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. ಅವರು ಆ ದಿನ ಹೋಗಲಾಗಲಿಲ್ಲ.

ಹುಬ್ಬಳ್ಳಿ, ಬೆಳಗಾವಿ, ಮಂಗಳೂರಿನಿಂದ ಬರುವವರು ಹಿಂದಿನ ದಿನವೇ ಬೆಂಗಳೂರಿಗೆ ಬಂದು ಇರಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ರಲ್ಲಿ.

ವೀಸಾ ವಿಷಯ ಚಿಕ್ಕದಾಗಿ: ಬಾಲಿಗೆ ಆಗಮನ ವೀಸಾ 5 ಲಕ್ಷ ರುಪಿಯಾ, 30 ದಿನ. ಜೊತೆಗೆ 2024ರ ಫೆಬ್ರವರಿಯಿಂದ ಪ್ರತಿಯೊಬ್ಬರಿಗೆ 1.5 ಲಕ್ಷ ರುಪಿಯಾ ಪ್ರವಾಸಿ ಶುಲ್ಕ. ಸಂಖ್ಯೆ ನೋಡಿ ಗಾಬರಿ ಬೇಡ, ಅದು ಅವರ ಹಣ. ಮಲೇಷ್ಯಾಕ್ಕೆ ಭಾರತೀಯರಿಗೆ 2026ರ ಕೊನೆಯವರೆಗೆ 30 ದಿನ ವೀಸಾ ವಿನಾಯಿತಿ ಇದೆ. ಥಾಯ್ಲೆಂಡಿಗೆ 2025ರ ಮೇ 1ರಿಂದ ಮುಂಚಿತವಾಗಿ ಆನ್‌ಲೈನ್ ಆಗಮನ ಅರ್ಜಿ ತುಂಬಬೇಕು. ಇವು ಬದಲಾಗುವಂಥವು, ಸರ್ಕಾರಿ ಜಾಲತಾಣದಲ್ಲೇ ನೋಡಿ, ಅದೇ ಹೆಸರಿನ ನಕಲಿಗಳು ಇವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು.

ಊಟ ಮತ್ತು ಸೂರ್ಯಾಸ್ತ

ವಿಮಾನದಲ್ಲಿ ಜೈನ ಊಟಕ್ಕೆ ವಿ.ಜೆ.ಎಂ.ಎಲ್. ಎಂಬ ಸಂಕೇತ ಇದೆ. ಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು. ಬರೀ ಸಸ್ಯಾಹಾರ ಎಂದರೆ ಈರುಳ್ಳಿ ಬರುತ್ತದೆ. ಮೈಲಿನ ಟಿಕೆಟಿಗೂ ಇದು ಸಿಗುತ್ತದೆ, ಹೊರಡುವ 24 ಗಂಟೆ ಮೊದಲಾದರೂ ಹೇಳಿರಬೇಕು. ಸಮಯ ಬದಲಾಯಿತು ಎಂದು ಸಂದೇಶ ಬಂದರೆ ಊಟದ ಕೋರಿಕೆ ಬಿಟ್ಟುಹೋಗಿರಬಹುದು, ಮತ್ತೆ ನೋಡಿ. ಒಂದು ಕಂಪನಿಯ ಮೈಲಿನಲ್ಲಿ ಇನ್ನೊಂದರ ವಿಮಾನ ಹತ್ತುವುದಾದರೆ ವಿಮಾನ ನಡೆಸುವವರಿಗೇ ತಿಳಿಸಬೇಕು.

ಆದರೆ ರಾತ್ರಿ ಭೋಜನ ತ್ಯಾಗ ಇರುವವರಿಗೆ ಆ ಊಟದಿಂದ ಪ್ರಯೋಜನ ಕಡಿಮೆ. ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ವಿಮಾನಗಳಲ್ಲಿ ಹಲವು ರಾತ್ರಿ ಹೊರಡುತ್ತವೆ, ಊಟ ಕತ್ತಲಲ್ಲೇ ಬರುತ್ತದೆ. ನನ್ನ ಹೆಂಡತಿಗೆ ಇಪ್ಪತ್ತು ವರ್ಷದಿಂದ ಚೌವಿಹಾರ ಇದೆ. ಹಗಲು ವಿಮಾನಕ್ಕೆ ಮೈಲಿನ ಸೀಟು ಸಿಗುವವರೆಗೆ ಮೂರು ತಿಂಗಳು ಕಾದೆ. ಹೊತ್ತು ಎಷ್ಟು ಮುಂದೆ ಹೋಗುತ್ತದೆ ಎಂಬುದನ್ನೂ ಮನಸ್ಸಿನಲ್ಲಿಡಿ. ಬಾಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಸೂರ್ಯಾಸ್ತ ವರ್ಷವಿಡೀ 6ರಿಂದ 6.45ರ ಒಳಗೆ. ನಮ್ಮ ಹುಬ್ಬಳ್ಳಿಯ ಹೊಟ್ಟೆಗೆ ಅದು ಮಧ್ಯಾಹ್ನ ಮೂರೂವರೆ, ನಾಲ್ಕು! ಎರಡು ಘಳಿಗೆ ಮೊದಲೇ ಮುಗಿಸುವವರು ಐದು ಗಂಟೆಗೇ ತಟ್ಟೆಯ ಮುಂದೆ ಇರಬೇಕು, ಹಸಿವು ಇರುವುದಿಲ್ಲ, ರಾತ್ರಿ ಒಂಬತ್ತಕ್ಕೆ ಹಸಿವಾಗುತ್ತದೆ. ಮೊದಲ ಎರಡು ದಿನ ಅವಳಿಗೆ ಕಷ್ಟವಾಯಿತು. ಲಂಕಾವಿಯಲ್ಲಿ ಗಡಿಯಾರ ಬಾಲಿಯದೇ, ಆದರೆ ದ್ವೀಪ ಬಹಳ ಪಶ್ಚಿಮಕ್ಕೆ ಇರುವುದರಿಂದ ಸೂರ್ಯ ಮುಳುಗುವುದು ಏಳು ದಾಟಿದ ಮೇಲೆ. ವ್ರತ ಇರುವ ಹಿರಿಯರಿಗೆ ಲಂಕಾವಿ ಅನುಕೂಲ.

ಬಾಲಿಯವರು ಹಿಂದೂಗಳು, ಊಟ ಸಸ್ಯಾಹಾರ ಇರುತ್ತದೆ ಎಂದು ತಿಳಿಯಬೇಡಿ. ಕೋಳಿ, ಹಂದಿ ಸಾಮಾನ್ಯ. ಸಾಂಬಾಲ್ ಚಟ್ನಿಯಲ್ಲಿ ತೆರಾಸಿ ಎಂಬ ಸಿಗಡಿ ಹಿಟ್ಟು ಇರುತ್ತದೆ, ಮಲೇಷ್ಯಾದಲ್ಲಿ ಅದೇ ಬೆಲಾಚಾನ್, ಥಾಯ್ ಅಡುಗೆಯಲ್ಲಿ ಮೀನಿನ ರಸ. "ತಾನ್ಪಾ ಬಾವಾಂಗ್" ಎಂದರೆ ಈರುಳ್ಳಿ ಬೆಳ್ಳುಳ್ಳಿ ಬೇಡ, "ತಾನ್ಪಾ ತೆರಾಸಿ" ಎಂದರೆ ಸಿಗಡಿ ಹಿಟ್ಟು ಬೇಡ, "ತಾನ್ಪಾ ತೆಲೂರ್" ಎಂದರೆ ಮೊಟ್ಟೆ ಬೇಡ. ಫುಕೆಟ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ "ಜೇ" ಎಂದು ಬರೆದ ಅಂಗಡಿಗಳಿವೆ. ಅಲ್ಲಿ ಮಾಂಸ, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಆದರೆ ಮೂಲಂಗಿ, ಆಲೂಗಡ್ಡೆ ಹಾಕುತ್ತಾರೆ, ಕೇಳಬೇಕು.

ಅಡುಗೆ ಒಲೆ ಇರುವ ಕೋಣೆ ತೆಗೆದುಕೊಂಡರೆ ಅರ್ಧ ಚಿಂತೆ ಕಡಿಮೆ. ನಾವು ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಗುರೆಳ್ಳು ಪುಡಿ, ಅವಲಕ್ಕಿ, ಹೆಸರುಬೇಳೆ, ನೀರು ಸೋಸುವ ಬಟ್ಟೆ ಒಯ್ದಿದ್ದೆವು. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬಿಡುವುದಿಲ್ಲ. ಇಡೀ ಒಣ ಕೊಬ್ಬರಿ ಯಾವ ಚೀಲದಲ್ಲಿಯೂ ಬೇಡ, ಎಣ್ಣೆ ಅಂಶದಿಂದ ಬೆಂಕಿಯ ಭಯ ಎಂದು ತೆಗೆದಿಡುತ್ತಾರೆ. ಹಣ್ಣನ್ನು ಇಳಿಯುವ ಮೊದಲೇ ಮುಗಿಸಿ. ನನ್ನ ವ್ಯಾಪಾರದ ಮಾತು ಒಂದು: ಬಾಲಿಯಲ್ಲಿ ದುಂಡು ಎರಡು ಪಿನ್ನಿನ ಪ್ಲಗ್, ನಮ್ಮ ಚಾರ್ಜರ್ ಕೂಡುತ್ತದೆ. ಮಲೇಷ್ಯಾ, ಸಿಂಗಪುರದಲ್ಲಿ ಚೌಕ ಮೂರು ಪಿನ್ನು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ನುಸಾ ಪೆನಿಡಾ ದ್ವೀಪದ ಕಡಿದಾದ ಮೆಟ್ಟಿಲುಗಳನ್ನು ನಾವು ಇಳಿಯಲಿಲ್ಲ, ಮೊಣಕಾಲು ಕೇಳಲಿಲ್ಲ. ಸನೂರ್ ದಂಡೆಯಲ್ಲಿ ಬೆಳಿಗ್ಗೆ ಸೂರ್ಯ ಹುಟ್ಟುವುದನ್ನು ನೋಡಿ, ನಲವತ್ತೆಂಟು ನಿಮಿಷ ಕಾದು, ಅಲ್ಲೇ ಕುಳಿತು ರೊಟ್ಟಿ ತಿಂದೆವು. ಊರಿಗೆ ಬಂದ ಮೇಲೆ ಹೆಂಡತಿ ತನ್ನ ಹೆಸರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಒಂದು ಮೈಲು ಖಾತೆ ತೆರೆಸಿದ್ದಾಳೆ. ಅವಧಿ ಮುಗಿಯುವ ತಾರೀಕು ದೇವರ ಕೋಣೆಯ ಕ್ಯಾಲೆಂಡರಿನಲ್ಲಿ ಅವಳ ಕೈಬರಹದಲ್ಲೇ ಇದೆ.