ಟೋಫು ಮಂಚೂರಿಯನ್: ದೂರದ ಹೆಸರು, ಹತ್ತಿರದ ಕಾಳು

ಟೋಫು ಮಂಚೂರಿಯನ್ ಎಂದೊಡನೆ ಚೀನಾದಿಂದ ನೇರವಾಗಿ ಬಂದ ತಿನಿಸು ಎನ್ನಿಸುತ್ತದೆ. ಆದರೆ ಆ ಹೆಸರಿನ ಜಾಡು ಹಿಡಿದು ಹೊರಟರೆ ಟೋಫು ಚೀನಾಕ್ಕೆ ಕರೆದೊಯ್ಯುತ್ತದೆ, ಮಂಚೂರಿಯನ್ ಮುಂಬೈಯಲ್ಲೇ ನಿಂತುಬಿಡುತ್ತದೆ. ಟೋಫುವಿಗೆ ಬೇಕಾದ ಕಾಳಿನ ಕಥೆಯಲ್ಲಂತೂ ನಮ್ಮ ಪುಣೆಗೂ ಪಾಲಿದೆ, ಬೆಳಗಾವಿ, ಬೀದರ್‌ಗಳಿಗೂ ಪಾಲಿದೆ.

ಚೀನಾದಲ್ಲಿ ಟೋಫುವಿನ ಲಿಖಿತ ಉಲ್ಲೇಖ 10ನೇ ಶತಮಾನದಲ್ಲೇ ಸಿಗುತ್ತದೆ. ಅದರಿಂದ ಮಾಡುವ ಪದಾರ್ಥಗಳಲ್ಲಿ ಲೋಕಪ್ರಸಿದ್ಧವಾದದ್ದು ‘ಮಾಪೊ ಟೋಫು’. 19ನೇ ಶತಮಾನದಲ್ಲಿ ಚೆಂಗ್ಡು ನಗರದಲ್ಲಿ ಚೆನ್ ಮನೆತನದ ಹೆಂಗಸೊಬ್ಬಳು ತನ್ನ ಖಾನಾವಳಿಯಲ್ಲಿ ಇದನ್ನು ಮಾಡುತ್ತಿದ್ದಳಂತೆ. ‘ಮಾ’ ಎಂದರೆ ಸಿಡುಬಿನ ಕಲೆ, ‘ಪೊ’ ಎಂದರೆ ವಯಸ್ಸಾದ ಹೆಂಗಸು. ರುಚಿ ಅವಳ ಕೈಯದು, ಆದರೆ ತಿನಿಸಿನ ಹೆಸರಿನಲ್ಲಿ ಉಳಿದದ್ದು ಅವಳ ಮುಖದ ಕಲೆ!

ಭಾರತಕ್ಕೆ ಚೀನೀ ಅಡುಗೆ ಬಂದದ್ದು ಕೋಲ್ಕತ್ತಾದ ದಾರಿಯಲ್ಲಿ. 18ನೇ ಶತಮಾನದ ಕೊನೆಯಿಂದ ಅಲ್ಲಿ ಚೀನೀ ಕುಟುಂಬಗಳು ನೆಲೆಸಿದವು. ಅಂಥದೊಂದು ಕುಟುಂಬದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಹೊಸದೇನಾದರೂ ಮಾಡಿಕೊಡಿ ಎಂದು ಕೇಳಿದ ಗಿರಾಕಿಗಾಗಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ ಕಥೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿದರು, ಅಷ್ಟೆ. ಮುಂದೆ ಕೋಳಿಯ ಜಾಗಕ್ಕೆ ಹೂಕೋಸು ಬಂತು, ಗೋಬಿ ಮಂಚೂರಿ ಕರ್ನಾಟಕದ ಬೀದಿಬೀದಿಯ ಗಾಡಿ ಹತ್ತಿತು.

ಇನ್ನು ಕಾಳಿನ ಕಥೆ. ಕುಮಾವೂಂ ಬೆಟ್ಟಗಳಲ್ಲಿ, ಈಶಾನ್ಯ ರಾಜ್ಯಗಳಲ್ಲಿ ಸೋಯಾ ಹಿಂದಿನಿಂದಲೂ ಇತ್ತು. 1935ರಲ್ಲಿ ಗಾಂಧೀಜಿ ವಾರ್ಧಾದ ಮಗನವಾಡಿಯಲ್ಲಿ ಸೋಯಾ ಊಟದ ಪ್ರಯೋಗ ನಡೆಸಿ ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಆದರೂ ಅದು ನಮ್ಮ ಮನೆಮನೆಯ ಕಾಳಾಗಲಿಲ್ಲ. ತೊಗರಿಬೇಳೆಯಂತೆ ಅದು ಬೆಂದು ಕರಗುವುದಿಲ್ಲ, ಹಸಿ ವಾಸನೆ ಬೇರೆ. 1960ರ ದಶಕದಲ್ಲಿ ಪಂತನಗರ ಮತ್ತು ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯಗಳು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜೊತೆ ಕೆಲಸ ಮಾಡಿದ ಮೇಲೆ ಹಳದಿ ಸೋಯಾ ಹೊಲಕ್ಕಿಳಿಯಿತು. ಮಧ್ಯಪ್ರದೇಶ, ಮಹಾರಾಷ್ಟ್ರ ದಾಟಿ ಬೀದರ್, ಬೆಳಗಾವಿ, ಧಾರವಾಡಕ್ಕೂ ಹಬ್ಬಿತು.

ಇದರಲ್ಲಿ ಪುಣೆಯ ಕೆಲಸ ದೊಡ್ಡದು. ಸಸ್ಯವಿಜ್ಞಾನಿ ಶಂಕರ ಪುರುಷೋತ್ತಮ ಅಘಾರ್‌ಕರ್ ಮತ್ತು ಸಂಗಡಿಗರು 1946ರಲ್ಲಿ ಇಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ ಇಂದು ಅಘಾರ್‌ಕರ್ ಸಂಶೋಧನಾ ಸಂಸ್ಥೆ. ‘ಎಂಎಸಿಎಸ್’ ಎಂಬ ಹೆಸರು ಹೊತ್ತ ಸೋಯಾ ತಳಿಗಳು ಅಲ್ಲಿಯವು. 2021ರಲ್ಲಿ ಸುದ್ದಿಯಾದ ಎಂಎಸಿಎಸ್ 1407 ತಳಿ ಹೆಕ್ಟೇರಿಗೆ 39 ಕ್ವಿಂಟಲ್‌ವರೆಗೆ ಇಳುವರಿ ಕೊಡುತ್ತದೆ.

ಇಷ್ಟು ಬೆಳೆದ ಕಾಳು ಹೋಗುವುದೆಲ್ಲಿಗೆ? ಹೆಚ್ಚಿನ ಪಾಲು ಎಣ್ಣೆ ಗಿರಣಿಗೆ. ಸೋಯಾದಲ್ಲಿ ಸುಮಾರು ಶೇಕಡ 20 ಎಣ್ಣೆ, ಶೇಕಡ 40 ಪ್ರೋಟೀನ್. ಎಣ್ಣೆ ನಮ್ಮ ಬಾಣಲೆಗೆ ಬರುತ್ತದೆ, ಪ್ರೋಟೀನ್ ಉಳಿದ ಹಿಂಡಿ ಬಹುಪಾಲು ಕೋಳಿಗಳ ಮೇವಾಗುತ್ತದೆ. ಒಂದಿಷ್ಟು ಮಾತ್ರ ಮೀಲ್ ಮೇಕರ್ ಆಗಿ ನಮ್ಮ ಪಲಾವಿಗೆ ಬೀಳುತ್ತದೆ. ಇತ್ತ ಸಸ್ಯಾಹಾರಿ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆಗೆ ಹುಳಿ, ಪಲ್ಯ ಮುಗಿದು ಅನ್ನ, ಮಜ್ಜಿಗೆ, ಉಪ್ಪಿನಕಾಯಿ ಉಳಿದಿರುತ್ತದೆ. ನನಗೆ ಈ ಇತಿಹಾಸದಲ್ಲಿ ಚುಚ್ಚುವ ಸಂಗತಿ ಇದೇ.

ಗಾಂಧೀಜಿಯವರ ಕಾಲದ ತೊಡಕಿಗೆ ಚೀನೀಯರು ಸಾವಿರ ವರ್ಷದ ಹಿಂದೆಯೇ ಕಂಡುಕೊಂಡ ಉತ್ತರ ಟೋಫು. ನಮ್ಮ ಅಡುಗೆಮನೆಗೆ ಅದು ಹೊಸ ವಿದ್ಯೆಯೇನಲ್ಲ, ಹಾಲು ಒಡೆಸಿ ಪನೀರ್ ಮಾಡಿದಂತೆಯೇ. ನಾನು ಕಾಲು ಕಿಲೋ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಸೇರಿಸಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡುತ್ತೇನೆ. ಬಂದ ಹಾಲನ್ನು ಹದಿನೈದು ನಿಮಿಷ ಚೆನ್ನಾಗಿ ಕುದಿಸಬೇಕು. ಹಸಿ ವಾಸನೆ ಕಡಿಮೆಯಾಗುವುದೂ, ಜೀರ್ಣಕ್ಕೆ ಅಡ್ಡಿಯಾಗುವ ಅಂಶ ತಗ್ಗುವುದೂ ಈ ಕುದಿತದಲ್ಲೇ. ನಂತರ ನೀರು ಬೆರೆಸಿದ ನಿಂಬೆರಸ ಹಾಕಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ, ಮೇಲೆ ಭಾರ ಇಟ್ಟರೆ ಟೋಫು ಸಿದ್ಧ. ಉಳಿದ ಚರಟ ಥಾಲಿಪೀಠದ ಹಿಟ್ಟಿಗೆ ಸೇರುತ್ತದೆ.

ಟೋಫುವಿನ ನೀರು ಪೂರ್ತಿ ಇಳಿಸಿ, ತುಂಡುಗಳಿಗೆ ಕಾರ್ನ್‌ಫ್ಲೋರ್ ಸವರಿ, ಕಾದ ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆಯಲ್ಲಿ ಕೆಂಪಗೆ ಹುರಿದರೆ ಹೋಟೆಲಿನ ಗರಿ ಬರುತ್ತದೆ. ಶುಂಠಿ, ಬೆಳ್ಳುಳ್ಳಿ, ಈರುಳ್ಳಿ, ದಪ್ಪ ಮೆಣಸಿನಕಾಯಿ, ಸೋಯಾ ಸಾಸ್ ಜೋರು ಉರಿಯಲ್ಲಿ. ಸಾಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ರುಚಿ ನೋಡಿ ಹಾಕಿ. ಬಣ್ಣ ಬೇಡವೇ ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನೆನಪಿರಬಹುದು. ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿದರೆ ಅದಕ್ಕಿಂತ ಒಳ್ಳೆಯ ಕೆಂಪು ಬರುತ್ತದೆ.

ಬೀದರಿನ ರೈತ ಬೆಳೆದ, ಪುಣೆಯ ವಿಜ್ಞಾನಿ ತಿದ್ದಿದ ಕಾಳು ಗಿರಣಿಯ ದಾರಿ ಬಿಟ್ಟು ಒಂದಿಷ್ಟಾದರೂ ನೇರವಾಗಿ ನಮ್ಮ ತಟ್ಟೆಗೆ ಬರಲಿ. ಮಾಡಿದವಳು ಮೊದಲು ತನ್ನ ಪಾಲು ಎತ್ತಿಟ್ಟುಕೊಂಡು, ಆಮೇಲೆ ಉಳಿದವರಿಗೆ ಬಡಿಸಲಿ.