ವಾರಾನ್ನವೂ ವಿದ್ಯಾರ್ಜನೆಯೂ

ವಿದ್ಯೆಗಾಗಿ ಊರನ್ನು ಬಿಟ್ಟು ಹೊರಟ ಬಾಲಕನಿಗೆ ಗುರುವು ದೊರೆಯುವುದಕ್ಕೆ ಮುಂಚೆಯೇ ಹಸಿವು ದೊರೆಯುತ್ತದೆ. ಪುಸ್ತಕವನ್ನು ಎರವಲು ತರಬಹುದು; ದೀಪವಿಲ್ಲದಿದ್ದರೆ ಬೀದಿಯ ಕಂದೀಲಿನ ಕೆಳಗೆ ಕುಳಿತು ಓದಬಹುದು; ಅನ್ನವನ್ನು ಮಾತ್ರ ಪ್ರತಿದಿನವೂ ಹೊಸದಾಗಿಯೇ ಸಂಪಾದಿಸಬೇಕು. ಮಂಡ್ಯ ತಾಲ್ಲೂಕಿನ ಕೆರಗೋಡು ಮೊದಲಾದ ಗ್ರಾಮಗಳಿಂದ ಮೈಸೂರಿಗೂ ಬೆಂಗಳೂರಿಗೂ ಓದಲು ಹೋದ ಹಿಂದಿನ ತಲೆಯ ಬಾಲಕರಿಗೆ ಈ ಪ್ರಶ್ನೆಯು ಎದುರಾಗಿದ್ದಿತು. ಇಂದು ಅದೇ ಸೀಮೆಯಿಂದ ಜರ್ಮನಿಯವರೆಗೆ ಹೋಗುವ ತರುಣರಿಗೂ ಅದು ಎದುರಾಗುತ್ತಿದೆ. ವಿದ್ಯಾರ್ಥಿಯು ತನ್ನ ಅನ್ನವನ್ನು ಹೇಗೆ ಪಡೆದನು, ಅದಕ್ಕೆ ಪ್ರತಿಯಾಗಿ ಏನನ್ನು ಕೊಟ್ಟನು ಎಂಬ ವಿಚಾರವು ಕೇವಲ ಬಡತನದ ಕಥೆಯಾಗಿರದೆ ಒಂದು ಸಮಾಜದ ಶೀಲವನ್ನು ತೋರಿಸುವ ಕನ್ನಡಿಯೂ ಆಗಿದೆ.

ಪುರಾತನ ಕಾಲದಲ್ಲಿ ಶಿಷ್ಯನು ಗುರುಗೃಹದಲ್ಲಿ ಉಂಡನು, ಗುರುವಿನ ಕೆಲಸವನ್ನು ಮಾಡಿದನು. ಛಾಂದೋಗ್ಯದ ಸತ್ಯಕಾಮನು ಗುರುವು ಒಪ್ಪಿಸಿದ 400 ಬಡಕಲು ಹಸುಗಳನ್ನು ಕಾಡಿಗೆ ಹೊಡೆದುಕೊಂಡು ಹೋಗಿ, ಅವು ಸಾವಿರವಾಗುವವರೆಗೂ ಹಿಂದಿರುಗಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಉಪಮನ್ಯುವಿನ ವೃತ್ತಾಂತವು ಇನ್ನೂ ಕಠಿನವಾದುದು. ಅವನು ಹಗಲೆಲ್ಲ ದನವನ್ನು ಕಾಯುವನು. ತಾನು ಬೇಡಿ ತಂದ ಭಿಕ್ಷೆಯೂ, ಹಸುವಿನ ಹಾಲೂ, ಕರುವಿನ ಬಾಯಿಂದ ಉದುರಿದ ನೊರೆಯೂ ಒಂದೊಂದಾಗಿ ಅವನಿಗೆ ನಿಷಿದ್ಧವಾದುವು. ಕಡೆಗೆ ಹಸಿವು ತಾಳಲಾರದೆ ಎಕ್ಕದ ಎಲೆಯನ್ನು ತಿಂದು ಕಣ್ಣು ಕಳೆದುಕೊಂಡು ಹಾಳುಬಾವಿಯಲ್ಲಿ ಬಿದ್ದನು. ಇದನ್ನು ಗುರುಭಕ್ತಿಯ ನಿದರ್ಶನವೆಂದು ಹೇಳುವುದು ವಾಡಿಕೆ. ಆದರೆ ದುಡಿಯುವ ವಿದ್ಯಾರ್ಥಿಯ ಹೊಟ್ಟೆಯು ಎಷ್ಟರ ಮಟ್ಟಿಗೆ ಪರಾಧೀನವಾಗಿದ್ದಿತೆಂಬುದನ್ನೂ ಇದೇ ಕಥೆಯು ಹೇಳುತ್ತದೆ.

ಸ್ಮೃತಿಕಾರರು ಈ ಪರಾಧೀನತೆಯನ್ನು ಅರಿಯದವರಲ್ಲ. ಬ್ರಹ್ಮಚಾರಿಯು ಭಿಕ್ಷೆಯಿಂದಲೇ ಜೀವಿಸತಕ್ಕದ್ದು, ಆದರೆ ಒಬ್ಬನ ಮನೆಯ ಅನ್ನವನ್ನೇ ನಿತ್ಯವೂ ಉಣ್ಣತಕ್ಕದ್ದಲ್ಲ ಎಂದು ಮನುಸ್ಮೃತಿಯು ವಿಧಿಸುತ್ತದೆ. ಈ ವಿಧಿಯಿಂದ ಎರಡು ಪ್ರಯೋಜನಗಳುಂಟು. ಯಾವೊಬ್ಬ ಗೃಹಸ್ಥನಿಗೂ ಹೊರೆ ಹೆಚ್ಚಾಗದು. ವಿದ್ಯಾರ್ಥಿಯೂ ಯಾವೊಬ್ಬನ ಆಳಾಗಿ ಉಳಿಯನು. ಶತಮಾನಗಳ ಮೇಲೆ ಕನ್ನಡನಾಡಿನಲ್ಲಿ ರೂಢಿಗೆ ಬಂದ ವಾರಾನ್ನಪದ್ಧತಿಯ ಬೀಜವು ಇಲ್ಲಿಯೇ ಇದೆಯೆಂದು ಊಹಿಸಬಹುದು.

ರಾಜರೂ ಧನಿಕರೂ ವಿದ್ಯಾರ್ಥಿಗಳ ಅಶನಕ್ಕೆಂದು ಭೂಮಿಯನ್ನು ಬಿಟ್ಟ ಕಾಲವೂ ಉಂಟು. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ 945 ರಲ್ಲಿ ದತ್ತಿಗಳು ದೊರೆತುವು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಮನೆಗಳು, ದೀಪದೆಣ್ಣೆಗೆ ಬೇರೆ ಭೂಮಿ ಎಂದು ಅಲ್ಲಿಯ ಶಾಸನದಲ್ಲಿ ವಿವರವಾಗಿ ಹೇಳಿದೆ. ಕಲಬುರಗಿ ಜಿಲ್ಲೆಯ ನಾಗಾವಿಯ 1058 ರ ಶಾಸನದಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ 50 ಮಂದಿ ಇದ್ದ ಘಟಿಕಾಸ್ಥಾನದ ಉಲ್ಲೇಖವಿದೆ. ದೀಪದೆಣ್ಣೆಯನ್ನೂ ಮರೆಯದ ದಾನಿಯು ವಿದ್ಯಾರ್ಥಿಯ ರಾತ್ರಿಯನ್ನು ಬಲ್ಲವನೇ ಸರಿ. ಆದರೆ ರಾಜ್ಯಗಳು ಅಳಿದಂತೆ ಇಂತಹ ದತ್ತಿಗಳೂ ಅಳಿದುವು. ಉಳಿದುದು ಊರಿನ ಗೃಹಸ್ಥನ ಪಂಕ್ತಿಯೊಂದೇ.

ವಾರಾನ್ನವೆಂದರೆ ವಾರಕ್ಕೊಂದು ಮನೆಯಂತೆ ಏಳು ಮನೆಗಳಲ್ಲಿ ಊಟ. ಮೇಲುಕೋಟೆಯಲ್ಲಿ 1854 ರಲ್ಲಿಯೂ ಮೈಸೂರಿನಲ್ಲಿ 1876 ರಲ್ಲಿಯೂ ಸಂಸ್ಕೃತ ಪಾಠಶಾಲೆಗಳು ಸ್ಥಾಪಿತವಾದುವು. ಮುಂದೆ ಇಂಗ್ಲಿಷ್ ಶಾಲೆಗಳೂ ಕಾಲೇಜುಗಳೂ ಹೆಚ್ಚಿದುವು. ಹಳ್ಳಿಯಿಂದ ಪಟ್ಟಣಕ್ಕೆ ಬಂದ ಬಡ ಬ್ರಾಹ್ಮಣ ಬಾಲಕರಿಗೆ ಈ ಏಳು ಮನೆಗಳೇ ತವರಾದುವು. ಹುಡುಗನು ಮೊದಲು ಯಾರಾದರೂ ಬಂಧುವಿನ ಇಲ್ಲವೇ ಊರಿನವರ ಶಿಫಾರಸಿನಿಂದ ಎರಡು ಮೂರು ಮನೆಗಳನ್ನು ಹಿಡಿಯುವನು. ಉಳಿದ ದಿನಗಳನ್ನು ಗೊತ್ತುಮಾಡಿಕೊಳ್ಳುವವರೆಗೆ ದೇವಾಲಯದ ಪ್ರಸಾದವೋ ಉಪವಾಸವೋ ಗತಿ. ಮನೆಯವರು ಊರಿಗೆ ಹೋದರೆ, ಸೂತಕ ಬಂದರೆ, ಆ ವಾರದ ಊಟವು ತಪ್ಪಿತು. ಗೃಹಿಣಿಯು ಮಮತೆಯುಳ್ಳವಳಾದರೆ ಹುಡುಗನು ಮನೆಯ ಮಗನಂತೆ ಉಂಡನು. ಅಲ್ಲವಾದರೆ ಕಡೆಯ ಪಂಕ್ತಿಯಲ್ಲಿ ಮಿಕ್ಕುದನ್ನು ಉಂಡು ಮಾತನಾಡದೆ ಎದ್ದನು.

ಈ ಅನ್ನವು ಧರ್ಮಾರ್ಥವೆಂದು ಹೆಸರಾದರೂ ಪೂರ್ತಿಯಾಗಿ ಬಿಟ್ಟಿಯಾಗಿರಲಿಲ್ಲ. ಬಾವಿಯಿಂದ ನೀರು ಸೇದುವುದು, ಪೂಜೆಗೆ ಹೂವು ಬಿಡಿಸುವುದು, ಅಂಗಡಿಯಿಂದ ಸಾಮಾನು ತರುವುದು, ಮನೆಯ ಚಿಕ್ಕಮಕ್ಕಳಿಗೆ ಮಗ್ಗಿಯನ್ನೂ ಅಮರವನ್ನೂ ಹೇಳಿಕೊಡುವುದು, ಇವೆಲ್ಲ ಕೂಲಿಯೆಂದು ಯಾರೂ ಹೆಸರಿಡದ ಕೂಲಿ. ಕರಾರಿಲ್ಲದುದರಿಂದ ಅದಕ್ಕೆ ಮಿತಿಯೂ ಇರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಯಜಮಾನನು ಕರೆದರೆ ಹುಡುಗನು ಒಲ್ಲೆನೆನ್ನುವಂತಿರಲಿಲ್ಲ.

ಇದಕ್ಕಿಂತ ದೊಡ್ಡ ದೋಷವು ಇನ್ನೊಂದುಂಟು. ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಪಂಕ್ತಿಯು ಜಾತಿಯದು, ಆದುದರಿಂದ ಅನ್ನವೂ ಜಾತಿಯದೇ. ಕೆರಗೋಡಿನ ಸುತ್ತಣ ಹಳ್ಳಿಗಳಲ್ಲಿ ನೇಗಿಲು ಹಿಡಿದವರ ಮನೆಗಳೇ ಹೆಚ್ಚು. ಅಂತಹ ಮನೆಯ ಹುಡುಗನಿಗೆ ಪಟ್ಟಣದ ಅಗ್ರಹಾರದಲ್ಲಿ ಏಳು ಮನೆಗಳು ಎಲ್ಲಿಂದ ದೊರೆಯಬೇಕು? ಅವನು ಊರಿನಿಂದ ರಾಗಿಯ ಹಿಟ್ಟನ್ನೂ ಹುರುಳಿಯನ್ನೂ ಗಂಟುಕಟ್ಟಿ ತಂದು, ನಾಲ್ವರೊಡನೆ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಸೌದೆ ಒಲೆಯ ಮೇಲೆ ತಾನೇ ಮುದ್ದೆ ಕೂಡಿಸಿ ಉಂಡನು. ಅಸ್ಪೃಶ್ಯರೆನಿಸಿದವರ ಮಗನಿಗೆ ಕೋಣೆಯನ್ನು ಬಾಡಿಗೆಗೆ ಕೊಡುವವರೂ ಅಪೂರ್ವವಾಗಿದ್ದರು. ವಿದ್ಯಾದಾನವನ್ನು ಹೊಗಳುವಾಗ ಈ ಮುಚ್ಚಿದ ಬಾಗಿಲುಗಳನ್ನೂ ಎಣಿಸುವುದು ನ್ಯಾಯ.

ಈ ಕೊರತೆಯನ್ನು ತುಂಬಲು ಹುಟ್ಟಿದುವೇ ವಿದ್ಯಾರ್ಥಿನಿಲಯಗಳು. ಒಕ್ಕಲಿಗರ ಸಂಘವು 1906 ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಹಳ್ಳಿಯ ಹುಡುಗರ ವಸತಿಯು ಅದರ ಮುಖ್ಯ ಕಾರ್ಯಗಳಲ್ಲೊಂದಾಯಿತು. ಹಿಂದುಳಿದ ವರ್ಗಗಳ ಸ್ಥಿತಿಯನ್ನು ವಿಚಾರಿಸಲು 1918 ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ತರುವಾಯ ಸಂಸ್ಥಾನದಲ್ಲಿ ವಿದ್ಯಾರ್ಥಿವೇತನದ ವಿಚಾರವು ಬಲಗೊಂಡಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರಸ್ವಾಮಿಗಳು (1907–2019) ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವಿಕ್ಕಿದರು. ಏಳು ಮನೆಗಳ ಅನ್ನವು ಒಂದು ದೊಡ್ಡ ಕೊಪ್ಪರಿಗೆಯ ಅನ್ನವಾದಾಗ, ಒಬ್ಬ ಯಜಮಾನನ ಹಂಗು ಹೋಯಿತು.

ಅನ್ನವನ್ನು ಬೇಡದೆ ದುಡಿದು ಓದಿದವರ ಪರಂಪರೆಯೂ ಇದರೊಡನೆಯೇ ಬೆಳೆದಿದೆ. ಅದರಲ್ಲಿ ಮೊದಲು ನೆನೆಯತಕ್ಕ ಹೆಸರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಸೋದರಮಾವನ ಆಶ್ರಯದಲ್ಲಿದ್ದುಕೊಂಡು, ಕೊಡಗಿನ ಮನೆತನವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚನ್ನು ತೂಗಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881 ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನವು ಆಮೇಲೆ ಅವರನ್ನು ಪುಣೆಯ ಇಂಜಿನಿಯರಿಂಗ್ ವ್ಯಾಸಂಗಕ್ಕೆ ಕರೆದೊಯ್ದಿತು. ಆ ಮನೆಪಾಠದ ಹಣಕ್ಕೂ ಆ ವೇತನಕ್ಕೂ ನಾಡು ಪಡೆದ ಬಡ್ಡಿ ಎಷ್ಟೆಂಬುದನ್ನು ಮಂಡ್ಯ, ಮದ್ದೂರು, ಮಳವಳ್ಳಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. 1911 ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಯ ನೀರು ನಾಲೆಯಲ್ಲಿ ಹರಿದು ಬಂದು ಈ ಸೀಮೆಯ ಹೊಲಗಳನ್ನು ಗದ್ದೆಗಳಾಗಿ ಮಾಡಿತು. 1933 ರಲ್ಲಿ ಮಂಡ್ಯದ ಸಕ್ಕರೆಯ ಕಂಪೆನಿಯು ಹುಟ್ಟಿತು. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯಲ್ಲೋ ಆಲೆಮನೆಯಲ್ಲೋ ದುಡಿದು ಶಾಲೆಯ ಶುಲ್ಕವನ್ನು ಕೂಡಿಸುವ ಅವಕಾಶವು ಹಳ್ಳಿಯ ಹುಡುಗನಿಗೆ ಊರಿನಲ್ಲಿಯೇ ಒದಗಿತು. 1948 ರಲ್ಲಿ ಮಂಡ್ಯದಲ್ಲಿ ಸರ್ಕಾರಿ ಕಾಲೇಜೂ, 1962 ರಲ್ಲಿ ಕೆ. ವಿ. ಶಂಕರಗೌಡರ ಪ್ರಯತ್ನದಿಂದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜೂ ಬಂದಮೇಲೆ, ಮನೆಯಲ್ಲಿ ಉಂಡು ಕಾಲೇಜಿಗೆ ಹೋಗುವ ಭಾಗ್ಯವು ಅನೇಕರದಾಯಿತು.

ಎಚ್. ನರಸಿಂಹಯ್ಯನವರ (1920–2005) ಚರಿತ್ರೆಯೂ ಇಲ್ಲಿ ಸ್ಮರಣೀಯವಾದುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935 ರಲ್ಲಿ ರೈಲಿನ ಚಾರ್ಜಿಗೆ ಹಣವಿಲ್ಲದೆ ನಡೆದುಕೊಂಡೇ ಬೆಂಗಳೂರಿಗೆ ಬಂದು ಹೈಸ್ಕೂಲು ಸೇರಿದ ಆ ಬಾಲಕನು, ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾದನು. ಆದರೂ ಕಡೆಯವರೆಗೆ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ವಾಸಿಸಿದನು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪನವರು ಚಿಕ್ಕಂದಿನಲ್ಲಿ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು, ಓದನ್ನು ನಡುವೆ ಬಿಟ್ಟು ಮುಂಬಯಿಯ ರೈಲು ನಿಲ್ದಾಣದಲ್ಲಿ ಮೂಟೆ ಹೊತ್ತು, ಮತ್ತೆ ಮೈಸೂರಿಗೆ ಬಂದು ವ್ಯಾಸಂಗವನ್ನು ಮುಂದುವರಿಸಿದರು. ಇಂತಹ ಉದಾಹರಣೆಗಳಿಂದ ಬಡತನವೇ ಪ್ರತಿಭೆಗೆ ತಾಯಿಯೆಂದು ಸಾಧಿಸಲು ಕೆಲವರು ಹೊರಡುತ್ತಾರೆ. ಅದು ಹೇತ್ವಾಭಾಸ. ದಡ ಸೇರಿದವರ ಹೆಸರು ಉಳಿಯುತ್ತದೆ; ನಡುನೀರಿನಲ್ಲಿ ಮುಳುಗಿದವರನ್ನು ಎಣಿಸುವವರಾರು?

ಇನ್ನು ಹೊರನಾಡಿನ ವೃತ್ತಾಂತ. ಜರ್ಮನಿಯನ್ನು ವಿದ್ಯೆಯ ತವರೆಂದು ಹೊಗಳುವವರು ಅಲ್ಲಿಯೂ ವಾರಾನ್ನವಿದ್ದುದನ್ನು ಕೇಳಿದರೆ ಆಶ್ಚರ್ಯಪಡಬಹುದು. ಬಡ ಶಾಲಾಬಾಲಕರು ಗುಂಪಾಗಿ ಮನೆಮನೆಯ ಮುಂದೆ ದೇವರ ಹಾಡನ್ನು ಹಾಡಿ ರೊಟ್ಟಿಯನ್ನು ಬೇಡುವ ಪದ್ಧತಿಯು ಅಲ್ಲಿದ್ದಿತು. ಅದಕ್ಕೆ ಕುರೆಂಡೆಯೆಂದು ಹೆಸರು. 1498 ರ ಸುಮಾರಿನಲ್ಲಿ ಐಸೆನಾಖ್ ಪಟ್ಟಣದಲ್ಲಿ ಓದುತ್ತಿದ್ದ ಮಾರ್ಟಿನ್ ಲೂಥರನು ಹಾಗೆ ಹಾಡಿ ಬೇಡಿದವನೇ. ಬಾಗಿಲಲ್ಲಿ ಬೇಡುವ ಇಂತಹ ಹುಡುಗರನ್ನು ತಿರಸ್ಕರಿಸಬಾರದು, ತಾನೂ ಅವರಲ್ಲೊಬ್ಬನಾಗಿದ್ದೆನು ಎಂದು ಅವನು 1530 ರಲ್ಲಿ ಬರೆದನು. ವಿಶ್ವವಿದ್ಯಾನಿಲಯಗಳಲ್ಲಿ ಫ್ರೈಟಿಶ್ ಎಂಬ ಧರ್ಮಪಂಕ್ತಿಗಳು ಬಡ ವಿದ್ಯಾರ್ಥಿಗಳಿಗಾಗಿ ಇದ್ದುವು. 1536 ರಲ್ಲಿ ಸ್ಥಾಪಿತವಾದ ಟ್ಯೂಬಿಂಗನ್ನಿನ ಮಠವು ಊಟವನ್ನೂ ವಸತಿಯನ್ನೂ ಕೊಟ್ಟು ಓದಿಸಿತು. ಹೆಗೆಲ್, ಹೋಲ್ಡರ್ಲಿನ್, ಷೆಲ್ಲಿಂಗ್ ಎಂಬ ಮೂವರು ಅಲ್ಲಿ ಒಂದೇ ಕೋಣೆಯಲ್ಲಿದ್ದರು.

ವಿಶ್ವೇಶ್ವರಯ್ಯನವರಂತೆ ಮನೆಪಾಠದಿಂದ ಜೀವಿಸಿದವರೂ ಅಲ್ಲಿ ಬಹುಮಂದಿ. ತತ್ತ್ವಜ್ಞಾನಿ ಕಾಂಟನು ಸುಮಾರು 1748 ರಿಂದ ಕೆಲವು ವರ್ಷ ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿದನು. ಹೆಗೆಲನು 1793 ರಿಂದ 1796 ರವರೆಗೆ ಬರ್ನ್ ನಗರದಲ್ಲಿ ಅದನ್ನೇ ಮಾಡಿದನು.

ಮೊದಲನೆಯ ಮಹಾಯುದ್ಧದ ತರುವಾಯ ಈ ಸ್ಥಿತಿಯು ಬದಲಾಯಿತು. ಜರ್ಮನಿಯ ನಾಣ್ಯದ ಬೆಲೆ ಕುಸಿದು, 1923 ರ ನವೆಂಬರಿನಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳಾದುವು. ಮಧ್ಯಮವರ್ಗದ ಕುಟುಂಬಗಳ ಉಳಿತಾಯವೆಲ್ಲ ಕಾಗದದ ಚೂರಾಯಿತು. ದಾನ ಮಾಡುವವರೇ ದರಿದ್ರರಾದಮೇಲೆ ಧರ್ಮಪಂಕ್ತಿಯು ಎಲ್ಲಿಯದು? ವಿದ್ಯಾರ್ಥಿಗಳು ಗಣಿಗಳಿಗೂ ಕಾರ್ಖಾನೆಗಳಿಗೂ ಹೊಲಗಳಿಗೂ ಇಳಿದರು. ದುಡಿಯುವ ವಿದ್ಯಾರ್ಥಿಯೆಂಬರ್ಥದ ವೆರ್ಕ್‌ಸ್ಟುಡೆಂಟ್ ಎಂಬ ಪದವು ಆಗ ಜನರ ಬಾಯಲ್ಲಿ ನೆಲಸಿತು. 1921 ರಲ್ಲಿ ವಿದ್ಯಾರ್ಥಿಗಳ ಆರ್ಥಿಕ ಸಹಾಯಕ್ಕೆಂದು ಸಂಘವೂ ಕಟ್ಟಲ್ಪಟ್ಟಿತು. ಅಗ್ಗದ ಭೋಜನಶಾಲೆಗಳು ಅದರ ಮುಖ್ಯ ಕಾರ್ಯಗಳಲ್ಲೊಂದು. ವಿದ್ಯಾವಂತನು ಮೈಮುರಿದು ದುಡಿಯುವುದು ಅಗೌರವವೆಂಬ ಭಾವನೆಯು ಆ ಹತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಸಡಿಲಿತು. 1971 ರ ಕಾನೂನು ಅಲ್ಲಿಯ ಬಡ ವಿದ್ಯಾರ್ಥಿಗಳಿಗೆ ಸರ್ಕಾರದ ನೆರವನ್ನು ಹಕ್ಕಾಗಿ ಮಾಡಿತು.

ಇಂದು ಜರ್ಮನಿಯಲ್ಲಿ ಓದುವ ಪರದೇಶದವರಲ್ಲಿ ಭಾರತೀಯರ ಸಂಖ್ಯೆಯೇ ದೊಡ್ಡದು. 2023–24 ರ ಚಳಿಗಾಲದ ಅವಧಿಯಲ್ಲಿ ಅವರು 49 ಸಾವಿರಕ್ಕೂ ಮೇಲ್ಪಟ್ಟಿದ್ದರು. ಕನ್ನಡದ ತರುಣ ತರುಣಿಯರೂ ಅವರೊಳಗಿದ್ದಾರೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಜೀವನದ ವೆಚ್ಚವುಂಟು. 2024 ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋಗಳನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ತೋರಿಸಬೇಕೆಂಬ ನಿಯಮವು ಬಂದಿತು. ಆ ಹಣಕ್ಕಾಗಿ ಊರಿನಲ್ಲಿ ಸಾಲ ಮಾಡಿದ ಕುಟುಂಬಕ್ಕೆ ಮಗನ ದುಡಿಮೆಯು ವಿನೋದವಲ್ಲ. ಭೋಜನಗೃಹದಲ್ಲಿ ಪಾತ್ರೆ ತೊಳೆಯುವುದು, ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಜೋಡಿಸುವುದು, ಬೈಸಿಕಲ್ಲಿನ ಮೇಲೆ ಮನೆಮನೆಗೆ ಊಟವನ್ನು ತಲುಪಿಸುವುದು, ಕಂಪೆನಿಗಳಲ್ಲಿ ಅರೆಹೊತ್ತಿನ ಉದ್ಯೋಗ, ಅದೃಷ್ಟವಿದ್ದರೆ ಪ್ರಾಧ್ಯಾಪಕನಿಗೆ ಸಂಶೋಧನೆಯಲ್ಲಿ ಸಹಾಯ, ಇವು ಅಲ್ಲಿಯ ಜೀವನೋಪಾಯಗಳು.

ಇಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿಯು ವರ್ಷಕ್ಕೆ ಇಷ್ಟೇ ದಿನ ದುಡಿಯಬಹುದೆಂದು ಅಲ್ಲಿಯ ಕಾನೂನು ಗೊತ್ತುಮಾಡಿದೆ. ಮೊದಲು 120 ಪೂರ್ಣದಿನಗಳಿದ್ದುದು 2024 ರ ಮಾರ್ಚಿಯಿಂದ 140 ಆಯಿತು, ಅರೆದಿನಗಳಾದರೆ 280. ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಳಿಗೆ ಮೀರಿ ದುಡಿದವನು ಸಾಮಾನ್ಯವಾಗಿ ವಿಮೆಯ ಲೆಕ್ಕದಲ್ಲಿ ವಿದ್ಯಾರ್ಥಿಯೆನಿಸನು. ಕೂಲಿಗೂ ಕನಿಷ್ಠ ದರವುಂಟು; 2025 ರಲ್ಲಿ ಅದು ಗಂಟೆಗೆ 12.82 ಯೂರೋ.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಹಸಿದವನಿಗೆ ಇಷ್ಟೇ ದುಡಿಯೆಂದು ಕಟ್ಟುಮಾಡುವುದು ಕ್ರೌರ್ಯವಲ್ಲವೇ? ವಾರಾನ್ನದಲ್ಲಿ ಮಮತೆಯಾದರೂ ಇದ್ದಿತು, ಕಾನೂನಿನಲ್ಲಿ ಮಮತೆಯೆಲ್ಲಿ? ಸಾಲದ ಭಾರವನ್ನು ಹೊತ್ತವನಿಗೆ ಈ ಮಿತಿಯು ಕಷ್ಟವೆಂಬುದು ನಿಜವೇ. ಆದರೆ ವಾರಾನ್ನದ ಮನೆಯಲ್ಲಿ ಪರೀಕ್ಷೆಯ ಹಿಂದಿನ ದಿನ ನೀರು ಸೇದಿದ ಹುಡುಗನನ್ನು ನೆನೆದರೆ ಉತ್ತರವು ದೊರೆಯುತ್ತದೆ. ಅವನಿಗೆ ಇಲ್ಲದಿದ್ದುದು ಇಂತಹ ಒಂದು ಗೆರೆಯೇ. ಗೆರೆಯಿರುವಲ್ಲಿ ದುಡಿಮೆಗೆ ಬೆಲೆಯುಂಟು, ಒಲ್ಲೆನೆನ್ನುವ ಅಧಿಕಾರವುಂಟು. ಪಾತ್ರೆ ತೊಳೆದವನ ಜಾತಿಯನ್ನು ಕೇಳುವವರಿಲ್ಲ. ಒಬ್ಬನ ಮನೆಯ ಅನ್ನವನ್ನೇ ಉಣ್ಣಬೇಡವೆಂದು ಸ್ಮೃತಿಯು ಹೇಳಿದುದಕ್ಕೂ, ಇಷ್ಟು ಗಂಟೆಗಳಿಗೆ ಮೀರಿ ದುಡಿಯಬೇಡವೆಂದು ಈ ಕಾನೂನು ಹೇಳುವುದಕ್ಕೂ ಫಲವು ಒಂದೇ: ಓದುವವನು ಅನ್ನ ಕೊಟ್ಟವನ ಆಳಾಗಿಬಿಡಬಾರದು.

ಕರ್ನಾಟಕದ ಪಟ್ಟಣಗಳಲ್ಲಿಯೂ ಇಂದು ಓದುತ್ತ ದುಡಿಯುವ ಮಕ್ಕಳು ಬಹುಮಂದಿ. ಮುಂಜಾನೆ ಪತ್ರಿಕೆ ಹಂಚುವವರು, ಮದುವೆಯ ಮನೆಗಳಲ್ಲಿ ಬಡಿಸುವವರು, ರಾತ್ರಿ ಅಂಗಡಿಯ ಲೆಕ್ಕ ಬರೆಯುವವರು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದನ್ನು ಸೋಮಾರಿತನವೆಂದು ಬಗೆಯಲಾಗದು. ಹಿಂದಿನ ಗೃಹಸ್ಥರು ವಾರಕ್ಕೊಂದು ಎಲೆಯನ್ನು ಹಾಕಿ ತಮ್ಮ ಕಾಲದ ಧರ್ಮವನ್ನು ತಮಗೆ ತಿಳಿದಷ್ಟು ನಡೆಸಿದರು. ಕೆಲಸಕ್ಕೆ ಕರೆದ ವಿದ್ಯಾರ್ಥಿಗೆ ಸರಿಯಾದ ಕೂಲಿಯನ್ನು ಕೊಡುವುದು, ಪರೀಕ್ಷೆಯ ಕಾಲದಲ್ಲಿ ಅವನನ್ನು ಬಿಟ್ಟುಕೊಡುವುದು, ಪಂಕ್ತಿಭೇದವಿಲ್ಲದೆ ವಿದ್ಯಾರ್ಥಿನಿಲಯದ ಒಲೆಯನ್ನು ಉರಿಸುವುದು, ಇಷ್ಟು ಈ ಕಾಲದ ಗೃಹಸ್ಥರ ಧರ್ಮವಾಗಿದೆ.