ಫಿಲ್ಟರ್ ತೊಳೆದ ಸೀಮೆಎಣ್ಣೆ ಮತ್ತು ಕೆರೆಗಳ ಸೀಮೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿರುವ ಕಂಬದ ಶಾಸನ, ಕದಂಬರ ದೊರೆ ಕಾಕುಸ್ಥವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು 5ನೇ ಶತಮಾನದ್ದು. ಪಕ್ಕದ ಸೊರಬವೂ ಕೆರೆಗಳ ಸೀಮೆಯೇ. ಇಂಥ ನೆಲದಲ್ಲಿ ಗ್ಯಾರೇಜಿನ ಕೊಳೆ ಎಲ್ಲಿಗೆ ಹರಿಯುತ್ತದೆ ಎಂಬುದು ಸಣ್ಣ ಮಾತಲ್ಲ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸತೊಡಗಿತು. ಮುಂದೆ ಯೆಜ್ಡಿ ಹೆಸರಿನಲ್ಲಿ ಅವು ಮನೆಮಾತಾದವು. ಅವೇ ಇರಲಿ, ಬೇರೆ ಇರಲಿ, ಮಣ್ಣು ರಸ್ತೆಯಲ್ಲಿ ಓಡುವ ಯಾವುದೇ ಗಾಡಿಯ ಏರ್ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್‌ಗೆ ಗಾಳಿ ಸಾಲದು. ಧೂಳು ಒಳಹೊಕ್ಕರೆ ಪಿಸ್ಟನ್, ಸಿಲಿಂಡರ್ ಸವೆಯುತ್ತವೆ.

ಸ್ಪಂಜಿನ ಫಿಲ್ಟರ್‌ಗೆ ಮೆಕ್ಯಾನಿಕ್‌ಗಳ ಹಳೆಯ ಕ್ರಮವೊಂದಿದೆ: ಸೀಮೆಎಣ್ಣೆಯಲ್ಲಿ ಅದ್ದಿ, ತಿರುಚದೆ ಅಂಗೈಗಳ ನಡುವೆ ಒತ್ತಿ, ಪೂರ್ತಿ ಒಣಗಿಸಿ, ಹೊಸ ಎಣ್ಣೆ ಹಚ್ಚಿ ಕೂರಿಸುವುದು. ತಟ್ಟೆಯಲ್ಲಿ ಉಳಿದ ಕಪ್ಪು ದ್ರವ ಎಷ್ಟೋ ಕಡೆ ಚರಂಡಿ ಪಾಲಾಯಿತು. ಮಳೆಗಾಲದಲ್ಲಿ ಚರಂಡಿಯ ನೀರು ತಗ್ಗಿನ ಕೆರೆಗೇ ಇಳಿಯುತ್ತದೆ.

ಇಂಥ ಕೊಳೆಯನ್ನು ಕಂಡಲ್ಲಿ ಚೆಲ್ಲದಂತೆ ದೇಶದಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು 1989ರಲ್ಲಿ ಬಂದವು, 2016ರಲ್ಲಿ ಹೊಸ ರೂಪ ಪಡೆದವು.

ಗ್ಯಾರೇಜಿನಲ್ಲಿ ಮಾಡಬೇಕಾದದ್ದು ಕಷ್ಟವೇನಲ್ಲ: ಫಿಲ್ಟರ್ ತೊಳೆದ ಸೀಮೆಎಣ್ಣೆಯನ್ನು ಮುಚ್ಚಳದ ಡಬ್ಬದಲ್ಲಿ ಅಲುಗಾಡಿಸದೆ ಇಟ್ಟರೆ ಮಣ್ಣು ತಳ ಸೇರುತ್ತದೆ; ಮೇಲಿನ ತಿಳಿ ಮತ್ತೊಂದು ಫಿಲ್ಟರ್ ತೊಳೆಯಲು ಸಾಕು. ತಳದ ಗಸಿಯನ್ನು ನೆಲಕ್ಕೆ ಸುರಿಯದೆ, ಬಳಸಿದ ಎಂಜಿನ್ ಆಯಿಲ್ ಜೊತೆಗೂ ಬೆರೆಸದೆ, ಪರವಾನಗಿ ಇರುವ ಸಂಗ್ರಾಹಕರಿಗೇ ಕೊಡಬೇಕು.